ಬಾಳೆಗೊನೆಯ ಕೋಣೆಯಲ್ಲಿ ಇಟ್ಟ ಹೂ

ಆ ಶನಿವಾರ ಸಂಜೆ ಐದರಿಂದ ಐದೂಕಾಲರವರೆಗಿನ ಹದಿನೈದು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ಅದರ ಹಿಂದಿನದು ನೆನಪಿದೆ, ಮುಂದಿನದಂತೂ ಬೇಡವೆಂದರೂ ನೆನಪಾಗುತ್ತದೆ. ಹಾಗಾಗಿ ಇಲ್ಲಿ ಬರೆಯುವಾಗ ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರು ಹೇಳಿದ್ದನ್ನು ಕೇಳಿ ಜೋಡಿಸಿಕೊಂಡದ್ದು ಯಾವುದು ಎಂದು ಆದಷ್ಟು ಬೇರೆ ಮಾಡಿಯೇ ಹೇಳುತ್ತೇನೆ.

ನನ್ನ ಕೆಲಸ ಹೂವಿನ ಅಲಂಕಾರ ಮಾಡುವುದಲ್ಲ, ಮಾಡಿಕೊಳ್ಳುವವರಿಗೆ ಹೇಳಿಕೊಡುವುದು. ಹೂ, ತಂತಿ, ಜಾಲರಿ, ಕತ್ತರಿ, ನಾಲ್ಕು ಪುಟದ ಸೂಚನೆ ಎಲ್ಲವನ್ನೂ ಮನೆಗೆ ತಲುಪಿಸಿ, ಒಂದು ಮಧ್ಯಾಹ್ನ ಕೂತು ಪಾಠ ಮಾಡಿ ಬರುತ್ತೇನೆ. ಮಾರನೆಯ ದಿನ ಅವರೇ ಕಟ್ಟಿಕೊಳ್ಳುತ್ತಾರೆ. ಈ ಸಲ ಕರೆದದ್ದು ಅರೆಕೆರೆಯ ಒಂದು ಮನೆ. ಹಿಂದೆ ಅವರದು ಹೂವಿನ ಹೊಲವಾಗಿತ್ತು. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ, ಮೇಲಿನ ಅಂತಸ್ತಿನಲ್ಲಿ ಮನೆಯವರು. ಮಗಳ ಮದುವೆಗೆ ವಾರ ಮುಂಚೆ ತಾರಸಿಯ ಮೇಲೊಂದು ಕಾರ್ಯಕ್ರಮ. ಮದುಮಗಳು ಮತ್ತು ಅವಳ ಗೆಳತಿಯರು ಅದನ್ನು ಬ್ರೈಡಲ್ ಶವರ್ ಎನ್ನುತ್ತಿದ್ದರು. ಅವಳ ಅಜ್ಜಿ ಹೂ ಮುಡಿಸೋದು ಎನ್ನುತ್ತಿದ್ದರು. ಎರಡೂ ಒಂದೇ ದಿನ, ಒಂದೇ ಜಾಗದಲ್ಲಿ: ಭಾನುವಾರ ನಾಲ್ಕು ಗಂಟೆಗೆ ಗಂಡಿನ ಕಡೆಯ ಹೆಂಗಸರು ಬಂದು ಹುಡುಗಿಗೆ ಹೂ ಮುಡಿಸುತ್ತಾರೆ, ಆಮೇಲೆ ಕೇಕು, ಫೋಟೋ.

ಹುಡುಗಿಯನ್ನು ಕೂರಿಸುವ ಕುರ್ಚಿಯ ಹಿಂದೆ ಎಂಟಡಿ ಅಗಲ, ಆರಡಿ ಎತ್ತರದ ಮರದ ಚೌಕಟ್ಟು. ಅದಕ್ಕೆ ಕೋಳಿಗೂಡಿನ ಜಾಲರಿ ಬಿಗಿದು, ತುಂಬ ಬಿಳಿ ಕಾರ್ನೇಷನ್ ಸಿಕ್ಕಿಸುವುದು. ನಡುವೆ ಮಲ್ಲಿಗೆ ಮೊಗ್ಗಿನಿಂದ ದೊಡ್ಡದೊಂದು ಜಡೆಯ ಆಕಾರ, ಪಕ್ಕದಲ್ಲಿ ನೇರಳೆ ಆರ್ಕಿಡ್, ಅಂಚಿಗೆ ಮಾತ್ರ ಹಳದಿ ಸೇವಂತಿಗೆ. ಶನಿವಾರ ಮಧ್ಯಾಹ್ನ ಮದುಮಗಳು ಮತ್ತು ಮೂವರು ಗೆಳತಿಯರಿಗೆ ಕಾರ್ನೇಷನ್ ದಂಟನ್ನು ಓರೆಯಾಗಿ ಕತ್ತರಿಸುವುದು, ಮೊಗ್ಗಿನ ತೊಟ್ಟಿಗೆ ತಂತಿ ಚುಚ್ಚುವುದು ಹೇಳಿಕೊಟ್ಟೆ. ಮದುಮಗಳ ಕೈ ಚುರುಕು. ಒಬ್ಬ ಗೆಳತಿ ಮಾತ್ರ ಬೆರಳಿಗೆ ಚುಚ್ಚಿಕೊಂಡು, "ಮಗಾ, ನಿನ್ ಮದ್ವೆಗೆ ರಕ್ತ ಕೊಟ್ಟಿದೀನಿ, ನೆನಪಿಟ್ಕೋ" ಎಂದಳು.

ಐದು ಗಂಟೆಗೆ ಹೂವನ್ನೆಲ್ಲ ರಾತ್ರಿಗೆ ತಂಪಾದ ಕಡೆ ಇಡಬೇಕಿತ್ತು. ತಾರಸಿ ಕಾದಿತ್ತು. ಕಟ್ಟಡದ ಹಿಂದೆ ಹಳೆಯ ಮನೆಯ ಒಂದು ಕಲ್ಲುಗೋಡೆಯ ಕೋಣೆಯನ್ನು ಅವರು ಕೆಡವದೆ ಉಳಿಸಿಕೊಂಡಿದ್ದರು. ಬಿಸಿಲು ಬೀಳದ ಕೋಣೆ. ಅದನ್ನು ಆರಿಸಿದವನು ನಾನೇ. ಇಷ್ಟು ಖಚಿತ. ಬಕೆಟ್ಟುಗಳನ್ನು ಕೆಳಗೆ ಸಾಗಿಸಿದ್ದು ಮನೆಗೆಲಸದ ಅಕ್ಕ. ಗೇಟಿನ ಪಕ್ಕದ ಒಂದು ರೂಮಿನಲ್ಲಿ ಹನ್ನೊಂದು ವರ್ಷದಿಂದ ಇರುವಾಕೆ. ಗಂಡ ಇಲ್ಲ. ಆ ಕೆಲಸ ಹೋದರೆ ರೂಮೂ ಹೋಗುತ್ತದೆ. ನಾನು ಕೋಣೆಯ ಬಾಗಿಲ ಹೊರಗೆ ನಿಂತು ಮರುಗದ ಕಟ್ಟುಗಳಿಗಾಗಿ ಹೂವಿನ ವ್ಯಾಪಾರಿಗೆ ಫೋನಿನಲ್ಲಿ ಧ್ವನಿಸಂದೇಶ ಕಳಿಸುತ್ತಿದ್ದೆ. ಒಳಗಿನಿಂದ ಊದುಬತ್ತಿಯ ವಾಸನೆ ಬಂದದ್ದು ನೆನಪಿದೆ. ದೇವರ ಮನೆಯದಿರಬೇಕು ಅಂದುಕೊಂಡೆ. ಅಂದುಕೊಂಡೆ ಎಂಬುದೂ ಆಮೇಲೆ ಸೇರಿಸಿಕೊಂಡದ್ದಿರಬಹುದು.

ಭಾನುವಾರ ಹತ್ತಕ್ಕೆ ಬಂದು ಆ ಬಾಗಿಲು ತೆಗೆದೆ. ಲೈಟ್ ಹಾಕುವ ಮುಂಚೆಯೇ ಮಾಗಿದ ಬಾಳೆಹಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ಸ್ವಿಚ್ ಒತ್ತಿದೆ. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಇಡೀ ಬಾಳೆಗೊನೆ. ಅದರ ಕೆಳಗೆ ಮಣ್ಣಿನ ಮಡಕೆ, ಮಡಕೆಯ ತುಂಬ ಉರಿದು ಮುಗಿದ ಊದುಬತ್ತಿಯ ಕಡ್ಡಿಗಳು. ತಾಂಬೂಲಕ್ಕೆಂದು ಯಾರೋ ಗೊನೆಗೆ ಹೊಗೆ ಹಾಕಿ ಹಣ್ಣು ಮಾಡಿದ್ದರು. ಅದರಿಂದ ನಾಲ್ಕಡಿ ದೂರದಲ್ಲಿ ನನ್ನ ಬಕೆಟ್ಟುಗಳು.

ಕಾರ್ನೇಷನ್‌ಗಳು ಒಂದೂ ಬಿಡದೆ ದಳಗಳನ್ನು ಒಳಗೆ ಸುರುಟಿಕೊಂಡಿದ್ದವು, ಪುಟ್ಟ ಪುಟ್ಟ ಮುಷ್ಟಿಗಳ ಹಾಗೆ. ಮಲ್ಲಿಗೆಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿದರೆ ಮೊಗ್ಗುಗಳು ಹಳದಿಗಟ್ಟಿ ತೊಟ್ಟಿನಿಂದ ಕಳಚಿ ಬಿದ್ದಿದ್ದವು. ಆರ್ಕಿಡ್‌ಗಳ ಬಣ್ಣ ಇಳಿದಿತ್ತು. ಸೇವಂತಿಗೆ ಮಾತ್ರ ಏನೂ ಆಗದ ಹಾಗೆ ನಿಂತಿತ್ತು.

ಇದು ಯಾಕಾಯಿತು ಎಂದು ಅರೆಕೆರೆಯಲ್ಲಿ ಯಾರಿಗಾದರೂ ತಕ್ಷಣ ಗೊತ್ತಾಗುವುದಿದ್ದರೆ ಅದು ನನಗೇ. ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ನಾನು ಮಾಡಿದ್ದೇ ಇದು: ಗಂಟೆಯಾಕಾರದ ಗಾಜಿನ ಮುಚ್ಚಳದೊಳಗೆ ಕಾರ್ನೇಷನ್ ಇಟ್ಟು, ಹಣ್ಣು ಮಾಗುವಾಗ ಬಿಡುವ ಇಥಿಲೀನ್ ಅನಿಲವನ್ನು ಒಳಗೆ ಬಿಟ್ಟು, ದಳ ಎಷ್ಟು ಹೊತ್ತಿಗೆ ಸುರುಟುತ್ತದೆ ಎಂದು ಬರೆದುಕೊಳ್ಳುವುದು. ಹೊಗೆಯಲ್ಲೂ ಅದೇ ಅನಿಲ ಇರುತ್ತದೆ, ಅದಕ್ಕೇ ಗೊನೆಗೆ ಹೊಗೆ ಹಾಕುವುದು. ಆ ಸಂಶೋಧನೆ ಮುಗಿಯಲಿಲ್ಲ. ಒಂದು ಅಂಕಿಯನ್ನು ನಾನೇ ನೋಡಿ ಬರೆದಿದ್ದೇನೆ ಎಂದು ಎದೆ ತಟ್ಟಿ ಹೇಳಿದ್ದೆ. ಪ್ರಯೋಗದ ಪುಸ್ತಕ ತೆಗೆದರೆ ಆ ಜಾಗ ಖಾಲಿ ಇತ್ತು. ಯಾರೂ ಬಯ್ಯಲಿಲ್ಲ. ಆದರೆ ಅಂದಿನಿಂದ ನನ್ನ ತಲೆಯಲ್ಲಿ ಎಷ್ಟೇ ಸ್ಪಷ್ಟವಾಗಿ ಮೂಡಿದ ಚಿತ್ರವನ್ನೂ ನಾನು ನಂಬುವುದು ಬಿಟ್ಟೆ. ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತೇನೆ. ಶನಿವಾರ ಸಂಜೆ ಬರೆದಿಟ್ಟಿರಲಿಲ್ಲ.

ಮೊದಲು ಮಾಡಿದ್ದು ಮೂರ್ಖ ಕೆಲಸ. ಮದುಮಗಳು ಕೆಳಗೆ ಬರುವ ಮುಂಚೆ ಹೂ ಒಂದಿಷ್ಟಾದರೂ ಚೇತರಿಸಿಕೊಳ್ಳಲಿ ಎಂದು ಬಕೆಟ್ಟಿಗೆ ಸಕ್ಕರೆ, ನಿಂಬೆರಸ ಹಾಕಿ ದಂಟುಗಳನ್ನು ಮತ್ತೆ ಕತ್ತರಿಸಿ ಮುಳುಗಿಸಿದೆ. ಸುರುಟಿದ ಕಾರ್ನೇಷನ್ ಮತ್ತೆ ಅರಳುವುದಿಲ್ಲ ಎಂದು ನೂರು ಸಲ ನೋಡಿದವನು ನಾನು. ಆದರೂ ಇಪ್ಪತ್ತು ನಿಮಿಷ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾದೆ. ವ್ಯಾಪಾರಿಗೆ ಫೋನು ಮಾಡಿದೆ. "ಭಾನುವಾರ ಈ ಹೊತ್ತಲ್ಲಿ ಕಾರ್ನೇಷನ್ನಾ? ಸಾರ್, ಮಾರ್ಕೆಟ್ ಗುಡ್ಸಿ ಆಯ್ತು" ಎಂದ.

ಅಷ್ಟರಲ್ಲಿ ಮದುಮಗಳ ತಾಯಿ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಮದುಮಗಳು, ಅವಳ ಹಿಂದೆ ಕಾಫಿ ಲೋಟಗಳ ತಟ್ಟೆ ಹಿಡಿದ ಅಕ್ಕ.

"ಏನ್ರೀ ಸಾರ್ ಇದು? ಹಿಂಗ್ಯಾಕ್ ಬಾಡೋಗಿದೆ?"

ನಾನು ಬಾಯಿ ತೆರೆಯುವ ಮೊದಲೇ ಅವರು ಅಕ್ಕನ ಕಡೆ ತಿರುಗಿದ್ದರು.

"ನೀನೇ ಅಲ್ವಾ ತಂದಿಟ್ಟಿದ್ದು? ಮದ್ವೆ ಹೆಣ್ಣಿನ ಹೂವು ಕಣೆ ಇದು. ನಿನ್ನ ಕೈಲಿ ಮುಟ್ಟಿಸಬಾರ್ದಿತ್ತು. ನಂದೇ ತಪ್ಪು. ಬೀಗಿತ್ತಿ ಬಂದು ನೋಡಿದ್ರೆ ಏನಂತಾಳೆ? ಹೂ ಮುಡ್ಸೋ ದಿನವೇ ಹೂ ಬಾಡ್ತು ಅಂತಾಳೆ."

"ಅಮ್ಮ, ಪ್ಲೀಸ್" ಎಂದಳು ಮದುಮಗಳು.

"ನೀನ್ ಸುಮ್ನಿರು. ಇವತ್ತು ಇದು ಮುಗೀಲಿ. ನಾಳೆಯಿಂದ ನೀನು ಬರಬೇಡ. ರೂಮ್ ಖಾಲಿ ಮಾಡು."

ಅಕ್ಕ ತಟ್ಟೆಯನ್ನು ಕೆಳಗಿಡಲು ಜಾಗ ಹುಡುಕುತ್ತಿದ್ದಳು. ಎಲ್ಲ ಕಡೆ ಬಕೆಟ್ಟುಗಳೇ ಇದ್ದವು. ಹಿಡಿದುಕೊಂಡೇ ನಿಂತಳು.

ನಾನು ಮಧ್ಯೆ ಹೋಗಿ ವಿವರಿಸಿದೆ. ಇದು ಯಾರ ಕೈಯಿಂದಲೂ ಆದದ್ದಲ್ಲ, ಮಾಗುವ ಹಣ್ಣು ಒಂದು ಅನಿಲ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಈ ಹೂಗಳು ಹೀಗೇ ಆಗುತ್ತವೆ. ಸೇವಂತಿಗೆಗೆ ಅದು ತಾಗುವುದಿಲ್ಲ, ನೋಡಿ, ಅದನ್ನು ಮುಟ್ಟಿದ್ದೂ ಇದೇ ಅಕ್ಕನ ಕೈ ತಾನೇ ಎಂದೆ. ವಾದ ಚೆನ್ನಾಗಿತ್ತು. ತಾಯಿ ಸೇವಂತಿಗೆಯನ್ನು ನೋಡಿದರು, ಗೊನೆಯನ್ನು ನೋಡಿದರು.

"ಹಂಗಾದ್ರೆ ಗೊನೆ ಇರೋ ರೂಮಲ್ಲಿ ಇಡು ಅಂದೋರು ಯಾರು?"

ಅಕ್ಕ ನನ್ನನ್ನು ನೋಡದೆ, ತಟ್ಟೆಯನ್ನೇ ನೋಡುತ್ತಾ ಹೇಳಿದಳು.

"ನಾನ್ ಕೇಳ್ದೆ ಅಮ್ಮಾವ್ರೇ. ಗೊನೆ ಆಚೆಗ್ ಇಡ್ಲಾ ಸಾರ್ ಅಂತ ಕೇಳ್ದೆ. ಇರ್ಲಿ ಬಿಡಿ ಅಕ್ಕ ಅಂದ್ರು."

ನನಗೆ ಅಂಥದ್ದೇನೂ ನೆನಪಿರಲಿಲ್ಲ. ಒಂದು ಚೂರೂ ಇಲ್ಲ. ಗೊನೆ ಎಂಬ ಪದ ಕಿವಿಗೆ ಬಿದ್ದಿದ್ದರೆ ನಾನು ಎಗರಿ ಬೀಳುತ್ತಿದ್ದೆ, ಮೂರು ವರ್ಷ ಅದನ್ನೇ ಓದಿದವನು ಎಂದು ಒಳಗಿನಿಂದ ಒಂದು ದನಿ ಹೇಳುತ್ತಿತ್ತು. ಖಾಲಿ ಇದ್ದ ಆ ಪುಸ್ತಕದ ಜಾಗಕ್ಕೂ ಇದೇ ದನಿ ಎದೆ ತಟ್ಟಿಕೊಂಡಿತ್ತು. ಆಕೆ ಹೆದರಿ ಸುಳ್ಳು ಹೇಳುತ್ತಿರಬಹುದು, ಅಥವಾ ಕೇಳಬೇಕೆಂದು ಅಂದುಕೊಂಡದ್ದನ್ನೇ ಕೇಳಿದೆ ಎಂದು ನಂಬಿರಬಹುದು. ನಾನೇ ಮರೆತಿರಬಹುದು. ಮೂರರಲ್ಲಿ ಯಾವುದು ಎಂದು ತೀರ್ಮಾನಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಆಗ ಧ್ವನಿಸಂದೇಶ ನೆನಪಾಯಿತು. ಅದೇ ಹೊತ್ತಿಗೆ, ಅದೇ ಬಾಗಿಲಲ್ಲಿ ನಿಂತು ಮಾತಾಡಿದ್ದು. ಆಕೆ ಕೇಳಿದ್ದರೆ ಅದರಲ್ಲಿ ಬಿದ್ದಿರಬಹುದು. ಫೋನು ಹೊರಗೆ ತೆಗೆದೆ. ವ್ಯಾಪಾರಿಯ ಹೆಸರಿನ ಕೆಳಗೆ ಆ ಸಂದೇಶ ಕಾಣುತ್ತಿತ್ತು, ಮೂವತ್ತೊಂದು ಸೆಕೆಂಡು. ಒತ್ತಿದರೆ ಮುಗಿಯಿತು.

ನನ್ನ ಬೆರಳು ಅಲ್ಲೇ ನಿಂತಿತು. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪಬಾರದು ಎಂಬುದು ನನ್ನ ಸ್ವಭಾವ. ಆದರೆ ಆ ಕ್ಷಣದಲ್ಲಿ ಲೆಕ್ಕ ಬೇರೆಯಾಗಿ ಕಂಡಿತು. ಸಂದೇಶದಲ್ಲಿ ಆಕೆಯ ದನಿ ಇಲ್ಲದಿದ್ದರೆ, ಅದು ಆಕೆ ಕೇಳಲಿಲ್ಲ ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಆದರೆ ಇಲ್ಲಿ ನಿಂತವರು ಅದನ್ನೇ ಸಾಕ್ಷಿ ಎಂದುಕೊಳ್ಳುತ್ತಾರೆ, ಆಕೆಯ ರೂಮು ಹೋಗುತ್ತದೆ. ದನಿ ಇದ್ದರೆ, ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡವನು ನಾನಾಗುತ್ತೇನೆ. ಇನ್ನೂ ಒಂದು ವಿಷಯವಿತ್ತು. ಆಕೆ ಕೇಳಿರಲಿ ಬಿಡಲಿ, ಆ ಕೋಣೆಯೊಳಗೆ ಹೋಗಿ ನೋಡಬೇಕಾದವನು ನಾನು. ನೋಡದೆ ಬಾಗಿಲಿಂದಲೇ ಕೈ ತೋರಿಸಿದವನೂ ನಾನು. ಅದಕ್ಕೆ ನೆನಪಿನ ಸಹಾಯ ಬೇಕಿರಲಿಲ್ಲ.

ಫೋನು ಜೇಬಿಗೆ ಹಾಕಿದೆ. "ಹೌದಮ್ಮ, ಅವರು ಕೇಳಿದ್ರು. ಇರ್ಲಿ ಬಿಡಿ ಅಂದಿದ್ದು ನಾನೇ. ಫೋನಲ್ಲಿದ್ದೆ, ಗಮನ ಕೊಡಲಿಲ್ಲ."

ತಾಯಿಯ ಸಿಟ್ಟು ಪೂರ್ತಿ ನನ್ನ ಮೇಲೆ ತಿರುಗಿತು. "ಗ್ಯಾಸು ಗೀಸು ಅಂತ ಇಷ್ಟೊತ್ತು ಪಾಠ ಮಾಡಿದ್ರಲ್ಲ? ಓದಿರೋರು ನೀವೇ ಹಿಂಗಾ? ನಂಬಿ ಕೊಟ್ಟಿದ್ವಿ." ಅದೆಲ್ಲ ಸರಿಯಾಗಿಯೇ ಇತ್ತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. "ಆದ್ರೂ ಇವಳ ಕೈಲಿ ಹೂ ಹೊರಿಸಬಾರದಿತ್ತು. ಅದಂತೂ ತಪ್ಪೇ."

"ಯಾರ್ ಕೈಲಿ?"

ಅಜ್ಜಿ. ಗಲಾಟೆ ಕೇಳಿ ಗೋಡೆ ಹಿಡಿದುಕೊಂಡು ಬಂದಿದ್ದರು. ಮೆಲ್ಲಗೆ ಒಳಗೆ ಬಂದು ಸುರುಟಿದ ಕಾರ್ನೇಷನ್ ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ಬಿಸಾಕಿದರು.

"ಆ ಗೊನೆಗೆ ಹೊಗೆ ಹಾಕ್ದೋಳು ನಾನು. ಶುಕ್ರವಾರ. ನಿಮ್ಮಾವ ಹೋಗಿ ಹದಿನಾರು ವರ್ಷ ಆಯ್ತು, ನಂದೂ ಅದೇ ಕೈಯೇ. ಏನೇ, ನಂಗೂ ರೂಮ್ ಖಾಲಿ ಮಾಡು ಅಂತೀಯಾ?"

ತಾಯಿ ತಲೆ ತಗ್ಗಿಸಿದರು. "ಅತ್ತೆ, ನಿಮ್ಮನ್ನ ಯಾರಂದ್ರು..." ಎಂದು ಶುರು ಮಾಡಿ ನಿಲ್ಲಿಸಿದರು. ಅಜ್ಜಿ ನನ್ನ ಕಡೆ ತಿರುಗಿದರು. "ನೀನೇನಪ್ಪ, ಅಷ್ಟು ಓದಿದೀಯ. ಹೊಗೆ ಹಾಕಿರೋ ಮನೇಲಿ ನಾವು ಕನಕಾಂಬರ ಒಂದ್ ಗಳಿಗೆ ಇಡ್ತಿರ್ಲಿಲ್ಲ. ನನ್ನ ಒಂದ್ ಮಾತು ಕೇಳಿದ್ರೆ ಆಗ್ತಿತ್ತಲ್ಲೋ."

ಯಾರನ್ನೂ ಕೇಳಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಷ್ಟು ಗೊತ್ತಿದ್ದವನು, ಅದೇ ನೆಲದಲ್ಲಿ ಹೂ ಬೆಳೆದವರಿಗೂ ಅದು ಗೊತ್ತಿರಬಹುದು ಎಂದು ಯೋಚಿಸಿರಲಿಲ್ಲ.

ಹನ್ನೊಂದೂವರೆ ಆಗಿತ್ತು. ಬೆರಳಿಗೆ ಚುಚ್ಚಿಕೊಂಡಿದ್ದ ಗೆಳತಿ ಸ್ಕೂಟರ್ ತೆಗೆದು ಬನಶಂಕರಿಯ ಕಡೆ ಹೋದಳು, ನಾನು ಜಯನಗರದ ಕಡೆ. ಎರಡೂ ಕಡೆ ಸಿಕ್ಕಿದ್ದು ಸೇವಂತಿಗೆ, ಚೆಂಡುಹೂ, ಪತ್ರೆ. ಬಿಳಿ ಹೂ ಎಂದರೆ ಒಂದಿಷ್ಟು ಸುಗಂಧರಾಜ. ಮರುಗ ಬಂದಿತ್ತು. ಒಂದು ಗಂಟೆಗೆ ಎಲ್ಲ ತಾರಸಿಯ ಮೇಲೆ ಹರಡಿ, ಇಡೀ ಚೌಕಟ್ಟನ್ನು ಹಳದಿ ಸೇವಂತಿಗೆಯಲ್ಲಿ ತುಂಬಲು ಕೂತೆವು. ಐವರು ಒಟ್ಟಿಗೆ ತಂತಿ ಚುಚ್ಚಿ ಸಿಕ್ಕಿಸುತ್ತಾ ಹೋದೆವು. ಒಂದೂವರೆಗೆ ಅರ್ಧ ಮುಗಿದಿತ್ತು. ಆಗ ಜಾಲರಿ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿತ್ತು. ಕಾರ್ನೇಷನ್‌ನ ಹಗುರ ತಲೆಗಳಿಗೆ ಲೆಕ್ಕ ಹಾಕಿ ಬಿಗಿದ ತೆಳು ಜಾಲರಿ ಅದು. ದಪ್ಪ ಸೇವಂತಿಗೆಯ ಒದ್ದೆ ಭಾರವನ್ನು ಅದು ತಡೆಯಲಿಲ್ಲ. ಒಂದು ಮೂಲೆಯ ಮೊಳೆ ಕಿತ್ತು ಬಂತು, ಹೂಗಳು ಉದುರಿದವು.

ಮದುಮಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ. "ಬಿಡಿ ಸಾರ್. ಒಂದು ಸೀರೆ ಕಟ್ಟಿಬಿಡೋಣ ಹಿಂದೆ. ನಾನೇ ಮಾಡ್ತೀನಿ ಅಂತ ಎಲ್ರ ಹತ್ರ ಹೇಳ್ಕೊಂಡ್ ಬಂದಿದ್ದೆ" ಎಂದಳು. ನಾನು ಹೇಳಿಕೊಟ್ಟದ್ದೆಲ್ಲ ಆ ಜಾಲರಿಯ ಜೊತೆ ಜೋತುಬಿದ್ದಿತ್ತು.

ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಚುಚ್ಚೋದ್ಯಾಕೆ? ಕಟ್ಟಿ ಇಳಿಬಿಡ್ರಿ" ಎಂದರು.

ದಾರ ಹುಡುಕಿದರೆ ನನ್ನ ಪೆಟ್ಟಿಗೆಯಲ್ಲಿದ್ದದ್ದು ತಂತಿ ಮಾತ್ರ. ತಂತಿ ಸೇವಂತಿಗೆಯ ತೊಟ್ಟನ್ನು ಕೊಯ್ದುಬಿಡುತ್ತದೆ. ಅಕ್ಕ ಅಲ್ಲಿಯವರೆಗೆ ಮೆಟ್ಟಿಲ ಹತ್ತಿರ ನಿಂತಿದ್ದಳು, ಹೂವಿನಿಂದ ದೂರವಾಗಿ. "ಗೇಟಿಗೆ ಕಟ್ಟಿರೋ ಬಾಳೆಕಂದು ಐತಲ್ಲ" ಎಂದಳು. ಯಾರೂ ಬೇಡ ಎನ್ನಲಿಲ್ಲ. ಒಂದು ಕಂದನ್ನು ಹೊತ್ತು ತಂದು, ಪಟ್ಟೆ ಬಿಡಿಸಿ, ಹೊರಗಿನ ಒಣಪದರವನ್ನು ನೀರಲ್ಲಿ ಅದ್ದಿ ಉಗುರಿನಿಂದ ಸೀಳಿದಳು. ಅಂಗುಲಕ್ಕೆ ಹತ್ತು ಎಳೆ. ಒಣನಾರು ಮುಗಿದಾಗ ಒಳಗಿನ ಹಸಿಪದರವನ್ನೂ ಸೀಳಿದೆವು. ಅದು ನಡುನಡುವೆ ತುಂಡಾಗುತ್ತಿತ್ತು, ಗಂಟು ಹಾಕಿ ಮುಂದುವರಿಸುತ್ತಿದ್ದೆವು.

ಅಜ್ಜಿ ಕಟ್ಟಲು ಹೇಳಿಕೊಟ್ಟರು. ಎರಡು ಹೂ ಎದುರುಬದುರು, ನಡುವೆ ಒಂದು ಎಸಳು ಮರುಗ, ನಾರನ್ನು ಎಡಗೈ ಬೆರಳಿಗೆ ಸುತ್ತಿ ಒಂದು ಕುಣಿಕೆ. "ಬಿಗಿ, ಆದ್ರೆ ಕತ್ತು ಹಿಸುಕಬೇಡ" ಎಂದು ನನಗೆ ಎರಡು ಸಲ ಹೇಳಿದರು. ನನ್ನ ಸರ ಬಿಚ್ಚಿಹೋಗುತ್ತಿತ್ತು. "ಸಾರ್, ನೀವು ಸೂಚನೆ ಓದಿ ಮಾಡಿ" ಎಂದು ಗೆಳತಿ ಚುಚ್ಚಿದಳು. ಕೊನೆಗೆ ನನ್ನನ್ನು ನಾರು ಸೀಳುವ ಕೆಲಸಕ್ಕೆ ಹಾಕಿದರು. ಅಕ್ಕನನ್ನು ಮದುಮಗಳೇ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ತಾಯಿ ತಾಂಬೂಲದ ಚೀಲ ಹೊತ್ತು ಎರಡು ಸಲ ಆ ಕಡೆ ಬಂದರು. ನೋಡಿ ಹಾಗೇ ಮುಂದೆ ಹೋದರು.

ಜಾಲರಿ ಕಿತ್ತೆಸೆದು ಚೌಕಟ್ಟಿನ ಮೇಲಿನ ಪಟ್ಟಿಯಿಂದ ಸರಗಳನ್ನು ಒಂದೊಂದಾಗಿ ಇಳಿಬಿಟ್ಟೆವು, ಹಳದಿಗೊಂದು ಹಸಿರು, ನಡುವಿನ ಎರಡು ಸುಗಂಧರಾಜದವು. ಉದ್ದ ಒಂದೇ ಸಮ ಇರಲಿಲ್ಲ. ಸಮ ಮಾಡಲು ಹೊತ್ತಿರಲಿಲ್ಲ. ನಾಲ್ಕೂ ಹತ್ತಕ್ಕೆ ಮೆಟ್ಟಿಲ ಮೇಲೆ ಗಂಡಿನ ಕಡೆಯವರ ಮಾತು ಕೇಳಿಸಿದಾಗ ಕೊನೆಯ ಸರಕ್ಕೆ ಗಂಟು ಬೀಳುತ್ತಿತ್ತು. ಬೀಗಿತ್ತಿ ಬಂದು ನಿಂತು ನೋಡಿ, ಒಂದು ಸರವನ್ನು ಬೆರಳಿನಿಂದ ಎತ್ತಿ, "ನಾರಲ್ಲಿ ಕಟ್ಟಿದೀರಾ? ನಮ್ಮಮ್ಮ ಹಿಂಗೇ ಕಟ್ತಿದ್ರು. ಯಾರ್ ಕಟ್ಟಿದ್ದು?" ಎಂದರು.

"ನಾನೂ ಅಜ್ಜಿ, ನಮ್ಮನೆ ಅಕ್ಕ, ನನ್ ಫ್ರೆಂಡ್ಸು" ಎಂದಳು ಮದುಮಗಳು. ತಾಯಿ ಅಕ್ಕನ ಕಡೆ ನೋಡದೆ, "ನೀನ್ ಹೋಗಿ ಕಾಫಿ ಇಡು. ಸಕ್ರೆ ನಾಳೆಗೆ ಸಾಲಲ್ಲ, ಬೆಳಿಗ್ಗೆ ಎದ್ದ ತಕ್ಷಣ ತಂದ್ಬಿಡು" ಎಂದರು. ಅಕ್ಕ ಒಂದು ಗಳಿಗೆ ನಿಂತಳು. ಬೆಳಿಗ್ಗೆ ಎಂಬ ಪದ ನನಗೂ ಕೇಳಿಸಿತ್ತು. "ಆಯ್ತಮ್ಮ" ಎಂದು ಕೆಳಗೆ ಇಳಿದಳು.

ಆರು ಗಂಟೆಗೆ ಖಾಲಿ ಬಕೆಟ್ಟುಗಳನ್ನು ಗೇಟಿನವರೆಗೆ ತಂದುಕೊಟ್ಟವಳು ಅವಳೇ. ಬೈಕಿಗೆ ಹಗ್ಗ ಬಿಗಿಯುತ್ತಿದ್ದಾಗ ಹೇಳಿದಳು: "ನಿಮಗೆ ಗ್ಯಾಪಕ ಬಂತಲ್ಲ ಸಾರ್, ಅಷ್ಟ್ ಸಾಕು. ಬರದೇ ಹೋಗಿದ್ರೆ ನನ್ ಮಾತು ಯಾರು ನಂಬ್ತಿದ್ರು?"

ನನಗೆ ಜ್ಞಾಪಕ ಬಂದಿರಲಿಲ್ಲ. ಹೇಳಬೇಕೆನಿಸಿತು. ಹೇಳಿದರೆ ಆಕೆಗೆ ಏನು ಕೊಟ್ಟ ಹಾಗಾಗುತ್ತದೆ ಎಂದು ತೋಚಲಿಲ್ಲ. "ನಿಮ್ಮನ್ನ ಸಿಕ್ಕಿಸಿಬಿಟ್ಟಿದ್ದೆ ಅಕ್ಕ, ತಪ್ಪಾಯ್ತು" ಎಂದಷ್ಟೇ ಹೇಳಿ ಹೊರಟೆ.

ಬನ್ನೇರುಘಟ್ಟ ರಸ್ತೆಗೆ ಸೇರುವ ಮುಂಚೆ, ಒಂದು ಮುಚ್ಚಿದ ಅಂಗಡಿಯ ಮುಂದೆ ಬೈಕು ನಿಲ್ಲಿಸಿ ಆ ಸಂದೇಶವನ್ನು ಕೇಳಿಸಿಕೊಂಡೆ. ನನ್ನದೇ ದನಿ: ಎರಡು ಕಟ್ಟು ಮರುಗ, ಬೆಳಿಗ್ಗೆ ಎಂಟಕ್ಕೆ, ತಪ್ಪಿಸಬೇಡಿ ಅಣ್ಣ. ಹಿಂದೆ ಬಕೆಟ್ಟು ಕಲ್ಲಿಗೆ ತಾಗುವ ಸದ್ದು. ಇಪ್ಪತ್ತೊಂಬತ್ತನೆಯ ಸೆಕೆಂಡಿಗೆ, ದೂರದಿಂದ ಆದರೂ ಸ್ಪಷ್ಟವಾಗಿ, "ಸಾರ್, ಗೊನೆ ಆಚೆಗ್ ಇಡ್ಲಾ?" ಅಲ್ಲಿಗೆ ಸಂದೇಶ ಮುಗಿಯುತ್ತದೆ. ಒತ್ತಿಹಿಡಿದಿದ್ದ ಹೆಬ್ಬೆರಳನ್ನು ನಾನು ಎತ್ತಿದ್ದೇನೆ. ಎತ್ತಿದ್ದೇನೆ ಎಂದರೆ ಕೇಳಿಸಿದೆ, ಆಕೆಯ ಕಡೆ ತಿರುಗಿದ್ದೇನೆ.

ನಾಲ್ಕೈದು ಸಲ ಹಾಕಿ ಕೇಳಿದೆ. ನಾನು ಏನೆಂದೆ ಎಂಬುದು ಅದರಲ್ಲಿ ಇಲ್ಲ, ಇಂದಿಗೂ ನನ್ನ ತಲೆಯಲ್ಲೂ ಇಲ್ಲ. ಇರುವುದು ಆಕೆಯ ಪ್ರಶ್ನೆಯೊಂದೇ. ಉತ್ತರವನ್ನು ನಾನು ಅವತ್ತು ಬೆಳಿಗ್ಗೆಯೇ ಆ ಕೋಣೆಯಲ್ಲಿ ಎಲ್ಲರೆದುರು ಕೊಟ್ಟಾಗಿತ್ತು.